ತಾನೇ ನಡೆಯುವ ದೋಣಿಯ ತಾಪತ್ರಯ

"ಜುಲೈ ಹದಿನಾಲ್ಕು, ಸೋಮವಾರ. ಹಾಲು ಎರಡು ಲೀಟರ್. ಗ್ಯಾಸ್ ಸಿಲಿಂಡರ್ ಬಂತು. ಅಡುಗೆಮನೆಯ ಈಳಿಗೆ ಕಾಣೆಯಾಗಿದೆ. ಯಜಮಾನರೂ ಮಧ್ಯಾಹ್ನದಿಂದ ಕಾಣುತ್ತಿಲ್ಲ."

ನನ್ನ ಹಳೆಯ ಡೈರಿಯ ಒಂದು ಪುಟದಲ್ಲಿ ಹೀಗಿದೆ. ಈ ಎರಡು ಕಾಣೆಗಳಿಗೂ ಸಂಬಂಧವಿದೆ ಎಂದು ಬರೆಯುವಾಗ ನನಗೆ ಹೊಳೆದಿರಲಿಲ್ಲ. ನಮ್ಮ ಮನೆಯಲ್ಲಿ ಇಂಥವು ಹೀಗೇ ನಡೆಯುತ್ತವೆ. ಆಗುವಾಗ ಏನು ಆಗುತ್ತಿದೆ ಎಂದು ಯಾರಿಗೂ ಗೊತ್ತಿರುವುದಿಲ್ಲ, ಆದಮೇಲೆ ಎಲ್ಲರೂ ಒಂದೊಂದು ಕಾರಣ ಹೇಳುತ್ತಾರೆ.

ನಾನು ಬಿ.ಎಸ್ಸಿ. ಪಾಸಾದವಳು, ಅದೂ ಫಸ್ಟ್ ಕ್ಲಾಸಿನಲ್ಲಿ. ಆದರೆ ನನ್ನ ವಿಷಯ ಸಸ್ಯಶಾಸ್ತ್ರ. ಒಂದು ಎಲೆಯನ್ನು ಕೊಟ್ಟರೆ ಅದರ ಕುಲಗೋತ್ರ ಹೇಳಬಲ್ಲೆ. ಎಂಜಿನ್ ವಿಷಯದಲ್ಲಿ ಮಾತ್ರ ನಾನು ಹೊರಗಿನವಳು. ಯಜಮಾನರು ಪಾಲಿಟೆಕ್ನಿಕ್‌ನಲ್ಲಿ ಮೂವತ್ತು ವರ್ಷ ಮೆಕ್ಯಾನಿಕಲ್ ಪಾಠ ಹೇಳಿ ನಿವೃತ್ತರಾದವರು. ನಮ್ಮ ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಅವರ ಪಾಲಿಗೆ ಬಂದ ಹೊಲದಲ್ಲಿ ಬೆಳೆಸಿದ ಚಿಕ್ಕು ತೋಟ ಕಲಾದಗಿ ಕಡೆ, ಘಟಪ್ರಭೆಯ ಆಚೆ ದಂಡೆಯಲ್ಲಿ. ಹಿನ್ನೀರು ತುಂಬಿತೆಂದರೆ ತೋಟಕ್ಕೆ ಹೋಗಲು ದೋಣಿಯೇ ಗತಿ. ಅದಕ್ಕೆಂದೇ ಒಂದು ಫೈಬರ್ ದೋಣಿ ಮತ್ತು ಅದರ ಹಿಂದೆ ತೂಗುಹಾಕುವ ಸಣ್ಣ ಎಂಜಿನ್, ಎರಡನ್ನೂ ಹಳೆಯವೇ ನೋಡಿ ಕೊಂಡಿದ್ದರು.

ಆ ವರ್ಷದ ಬೇಸಿಗೆಯಲ್ಲಿ ಅವರ ಎಡ ಭುಜ ಹಿಡಿದುಕೊಂಡಿತು. ಎಂಜಿನ್ ಶುರು ಮಾಡಲು ಹಗ್ಗ ಜಗ್ಗಬಾರದು, ನಡುಗುವ ಹಿಡಿಕೆಯನ್ನು ಹೆಚ್ಚು ಹೊತ್ತು ಹಿಡಿಯಬಾರದು ಎಂದು ಡಾಕ್ಟರು ಹೇಳಿದರು. ಒಬ್ಬ ಅಂಬಿಗನನ್ನು ಇಟ್ಟುಕೊಂಡು ನೋಡಿದೆವು. ಹೋಗುವಾಗ ಬರುವಾಗ ಇವರು ಅವನಿಗೆ ಎಂಜಿನ್ ಪಾಠ ಹೇಳಿದರು. ಎರಡನೆಯ ವಾರ ಅವನು, ನಾ ಸಾಲಿ ಬಿಟ್ಟಿದ್ದ ಇದರ ಸಲುವಾಗಿರಿ, ಎಂದು ನನಗೆ ಹೇಳಿ ಹೋದವನು ಮತ್ತೆ ಬರಲಿಲ್ಲ.

ಆಗ ಹುನಗುಂದದಲ್ಲಿ ಹೈಸ್ಕೂಲು ಟೀಚರಾಗಿರುವ ನನ್ನ ಮಗಳು ಬಂದು ತೀರ್ಪು ಕೊಟ್ಟಳು. "ಅಪ್ಪಾ, ನಡು ನೀರಾಗ ಎಂಜಿನ್ ಬಂದ್ ಬೀಳ್ತೈತಿ, ನೀವು ಒಂದ ಕೈಲೆ ಹಗ್ಗಾ ಜಗ್ಗತೀರಿ. ನಾಳಿ ನೀರಿಗೆ ಬಿದ್ರ? ದೀಪಾವಳಿ ತನಕಾ ನೋಡ್ತೇನಿ. ಅಷ್ಟರಾಗ ನೀವು ಒಬ್ಬರ, ಹಿಡಿಕಿ ಮುಟ್ಟಲಾರದ, ಆ ದಂಡಿ ಮುಟ್ಟಿ ತೋರಸ್ರಿ. ಇಲ್ಲಂದ್ರ ತೋಟಾ ಮಾರೂದ."

ಕೊಳ್ಳುವವರೂ ಸಿದ್ಧರಿದ್ದರು. ಹಣ್ಣಿನ ವ್ಯಾಪಾರಿ, ಹಿಂದಿನ ವರ್ಷದಿಂದಲೇ ಕೇಳುತ್ತಿದ್ದವರು. ಆ ತೋಟದ ಒಂದೊಂದು ಗಿಡವನ್ನೂ ಯಜಮಾನರು ಕೈಯಾರೆ ನೆಟ್ಟದ್ದು. ಅವರು ಊಟವಾದ ಮೇಲೆ ನನ್ನ ಹತ್ತಿರ ಒಂದು ಖಾಲಿ ನೋಟ್‌ಬುಕ್ ಕೇಳಿದರು. ನಾನು ಕೊಟ್ಟೆ. ಅಲ್ಲಿಂದ ಶುರುವಾಯಿತು.

ಈಳಿಗೆ

ಎಂಜಿನ್ ಏಕೆ ನಿಲ್ಲುತ್ತದೆ ಎಂಬುದು ಮೊದಲನೆಯ ಪ್ರಶ್ನೆ. ಹಿನ್ನೀರಿನ ಅಂಚಿನಲ್ಲಿ ಅಂತರಗಂಗೆ ಎಂಬ ತೇಲುವ ಕಳೆ ಬೆಳೆದಿರುತ್ತದೆ. ಅದರ ಬೇರು ನೀರೊಳಗೆ ತಿರುಗುವ ಎಂಜಿನ್ನಿನ ಪಂಖಕ್ಕೆ ಸುತ್ತಿಕೊಂಡರೆ ಪಂಖ ನಿಂತಿತು, ಎಂಜಿನ್ನೂ ನಿಂತಿತು. ಪಂಖದ ಮುಂದೆಯೇ ಒಂದು ಅಲಗು ಇದ್ದರೆ ಬೇರು ಸುತ್ತುವ ಮೊದಲೇ ಕತ್ತರಿಸಿ ಹೋಗುತ್ತದೆ ಎಂದು ಇವರು ಲೆಕ್ಕ ಹಾಕಿದರು. ಯಾವ ಅಲಗು ಎಂದು ನನ್ನನ್ನು ಕೇಳಲಿಲ್ಲ.

ಆ ಸೋಮವಾರ ನಾನು ಬದನೆಕಾಯಿ ಮುಂದಿಟ್ಟುಕೊಂಡು ಈಳಿಗೆಗಾಗಿ ಮನೆಯೆಲ್ಲ ಹುಡುಕಿದೆ. ಕೆಲಸದವಳನ್ನು ಕೇಳಿದೆ, ಅವಳು ಸಿಟ್ಟಾದಳು. ಪಕ್ಕದ ಮನೆಯವರನ್ನು ಕೇಳಿದೆ, ಅವರೂ ಸಿಟ್ಟಾದರು. ಸಂಜೆ ಇವರು ಕೆಸರು ಕಾಲಲ್ಲಿ ಬಂದು, ಈಳಿಗೆ ಬಹಳ ಚೆನ್ನಾಗಿ ಕೆಲಸ ಮಾಡುತ್ತಿದೆ ಎಂದರು. ಹಾಗಾದರೆ ಕೊಡಿ ಎಂದೆ. "ಅದು ಈಗ ಎಂಜಿನ್ನಿನ ಭಾಗ ಆಗೇತಿ" ಎಂದರು.

ಮರುದಿನ ನಾನೇ ಹೋಗಿ ನೋಡಿದೆ. ಇಳಕಲ್ಲಿನಿಂದ ನನ್ನ ತಮ್ಮ ಬಂದಿದ್ದ. ಅವನಿಗೆ ಅಲ್ಲಿ ಪವರ್‌ಲೂಮುಗಳಿವೆ. ಹಗ್ಗ ಜಗ್ಗುವ ಕೆಲಸ ಅವನದು. ದೋಣಿ ಅಂತರಗಂಗೆಯೊಳಗೆ ನುಗ್ಗಿತು. ನಿಲ್ಲಲಿಲ್ಲ. ಹಿಂದೆ ಕೊಚ್ಚಿದ ಸೊಪ್ಪು ಹಾಸಿಗೆಯ ಹಾಗೆ ತೇಲುತ್ತ ಬಂತು. ಇವರು ಅದನ್ನು ಕೈಯಲ್ಲಿ ಹಿಡಿದು, ಒಂದೇ ಅಳತೆಗೆ ಕತ್ತರಿಸಿದೆ ನೋಡು ಎಂದು ನನಗೆ ತೋರಿಸಿದರು. ಸಸ್ಯಶಾಸ್ತ್ರ ಓದಿದವಳಾಗಿ ನಾನು ಒಪ್ಪಬೇಕಾಯಿತು.

ಇದು ಎಂಜಿನ್ನಿನ ಸುಧಾರಣೆಯೋ ಅಡುಗೆಯ ಸುಧಾರಣೆಯೋ ಎಂದು ನಾನು ಯೋಚಿಸುತ್ತಿರುವಾಗ, ದಂಡೆಯಲ್ಲಿ ಎಮ್ಮೆ ಮೇಯಿಸುತ್ತಿದ್ದ ಹೆಂಗಸೊಬ್ಬಳು ಬುಟ್ಟಿ ತುಂಬ ಆ ಸೊಪ್ಪು ಬಳಿದುಕೊಂಡು ನಮ್ಮ ಹತ್ತಿರ ಬಂದಳು. ಯಜಮಾನರು ಶಹಬ್ಬಾಸ್ ಸಿಗುತ್ತದೆಂದು ನೆಟ್ಟಗೆ ನಿಂತರು.

"ಅಣ್ಣಾರ, ನಾಳಿ ಎಷ್ಟಕ್ಕ ಬರ್ತೀರಿ?" ಎಂದಳು. "ಇನ್ನೊಂದ ಸ್ವಲ್ಪ ಸಣ್ಣಗ ಕೊಚ್ಚರಿ. ನಮ್ಮ ಎಮ್ಮಿಗೆ ಹಲ್ಲ ಇಲ್ಲ."

ಸೆರಗು

ಬೇರಿನ ಕಾಟ ಹೋಯಿತು. ಎಂಜಿನ್ ನಿಲ್ಲುವುದು ಹೋಗಲಿಲ್ಲ. ಈಗಿನ ಕಾರಣ ಪೆಟ್ರೋಲಿನಲ್ಲಿ ನೀರು. ಡಬ್ಬಿಯಲ್ಲಿ ತಂದು ಸುರಿಯುವಾಗ ಹೇಗೋ ನೀರು ಸೇರುತ್ತಿತ್ತು. ಸೋಸಿ ಹಾಕಬೇಕು. ಹಾಲು ಸೋಸುವ ಜಾಳಿಗೆಯಲ್ಲಿ ಸೋಸಿದರು, ಪೆಟ್ರೋಲಿನ ಜೊತೆ ನೀರೂ ಇಳಿಯಿತು. ಧೋತರದಲ್ಲಿ ಸೋಸಿದರು, ಅದರಲ್ಲೂ ಇಳಿಯಿತು. ಕೊನೆಗೆ, ಮೊದಲೇ ಪೆಟ್ರೋಲಿನಲ್ಲಿ ತೋಯಿಸಿದ ಒತ್ತಾದ ರೇಷ್ಮೆ ಬಟ್ಟೆ ಪೆಟ್ರೋಲನ್ನು ಮಾತ್ರ ಬಿಟ್ಟು ನೀರನ್ನು ಮೇಲೆಯೇ ಹಿಡಿಯುತ್ತದೆ ಎಂದು ಎಲ್ಲೋ ಓದಿ ಬಂದರು.

ರೇಷ್ಮೆ ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ನಾನು ನನ್ನ ಟ್ರಂಕಿಗೆ ಕೀಲಿ ಹಾಕಿದೆ.

ಮರುವಾರ ಇವರು, ಇಳಕಲ್ಲಿಗೆ ಹೋಗಿ ಸೀರೆ ತರೋಣ ನಡೆ, ಎಂದರು. ಮದುವೆಯಾದ ಮೇಲೆ ಇವರಾಗಿ ಈ ಮಾತು ಆಡಿದ್ದು ಅದೇ ಮೊದಲು. ಭುಜದ ಗುಳಿಗೆ ತಲೆಗೇನಾದರೂ ಏರಿತೋ ಎಂದು ಒಂದು ಗಳಿಗೆ ಅನುಮಾನ ಬಂದರೂ ನಾನು ಹೊಸ ಬಳೆ ಹಾಕಿಕೊಂಡು ಹೊರಟೆ.

ಅಂಗಡಿಯವರು ನಮಗೆ ಚಹಾ ತರಿಸಿ, ಸೀರೆಗಳನ್ನು ಹಾಸಿ ಕೂತರು. ನಾನು ದಾಳಿಂಬೆ ಬಣ್ಣದ್ದೊಂದನ್ನು ಕೈಗೆತ್ತಿಕೊಂಡೆ. ಇವರು ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಬೆಳಕಿಗೆ ಹಿಡಿದರು. ಆಮೇಲೆ ಸೆರಗನ್ನು ಬಾಯಿಗೆ ಒತ್ತಿಕೊಂಡು ಜೋರಾಗಿ ಊದಿದರು. ತಲೆ ಅಲ್ಲಾಡಿಸಿ ಕೆಳಗಿಟ್ಟರು. ಎರಡನೆಯದನ್ನು ಊದಿದರು. ಮೂರನೆಯದನ್ನು ಊದುವ ಹೊತ್ತಿಗೆ ಅಂಗಡಿಯವರು, ಬಣ್ಣ ಹೋಗುವುದಿಲ್ಲ ಎಂದು ತಾವಾಗಿಯೇ ಭರವಸೆ ಕೊಟ್ಟರು. ಬಣ್ಣ ಹೋದರೂ ನಡೆಯುತ್ತದೆ, ಗಾಳಿ ಹೋಗಬಾರದು ಎಂದು ಇವರು ಅಂದರು.

ಅಂಗಡಿಯವರು ನನ್ನನ್ನು ನೋಡಿದರು. ನಾನು ಚಹಾದ ಕಪ್ಪನ್ನು ನೋಡಿದೆ.

"ಸೀರಿ ಯಾರಿಗ್ರಿ ಮಾಸ್ತರ? ಅಕ್ಕಾರಿಗೋ, ಮಗಳಿಗೋ?"

"ಎಂಜಿನ್ನಿಗೆ."

ನಾನು ನೆಲ ಬಿರಿಯಲಿ ಎಂದುಕೊಂಡೆ. ಅಂಗಡಿಯವರು ಎಳ್ಳಷ್ಟೂ ವಿಚಲಿತರಾಗಲಿಲ್ಲ. ಮೂರು ತಲೆಮಾರಿನಿಂದ ಗಿರಾಕಿಗಳನ್ನು ಕಂಡ ಮನೆತನ ಅದು. ಎಂಜಿನ್ ಯಾವ ಬಣ್ಣ ಎಂದು ಕೇಳಿದರು. ಕಪ್ಪು ಎಂದು ಇವರು ಹೇಳಿದರು.

"ಹಂಗಾದ್ರ ಕೆಂಪು ಸೆರಗಿಂದ ತಗೋರಿ. ಕಪ್ಪಿಗೆ ಕೆಂಪು ಭಾಳ ಒಪ್ಪತೈತಿ."

ಉಡಿದಾರ

ಸೆರಗಿನ ಪುಣ್ಯದಿಂದ ಎಂಜಿನ್ ನಿಲ್ಲುವುದನ್ನು ಬಿಟ್ಟಿತು. ಈಗ ಮಗಳಿಗೆ ಹೊಸ ಚಿಂತೆ. ಅಪ್ಪ ನೀರಿಗೆ ಬಿದ್ದರೆ ಎಂಜಿನ್ ನಿಲ್ಲಬೇಕಲ್ಲ, ಅದು ತನ್ನ ಪಾಡಿಗೆ ಹೋಗಿಬಿಟ್ಟರೆ? ಇಷ್ಟು ದಿನ ನಿಲ್ಲುತ್ತದೆಂದು ಬೈದವಳು ಈಗ ನಿಲ್ಲುವುದಿಲ್ಲವೆಂದು ಬೈಯತೊಡಗಿದಳು. ಯಾವುದು ಬೇಕೆಂದು ನಾನು ಕೇಳಿದೆ. ನಿಲ್ಲಬೇಕಾದಾಗ ನಿಲ್ಲಬೇಕು, ನಿಲ್ಲಬಾರದಾಗ ನಿಲ್ಲಬಾರದು ಎಂದಳು. ಮನುಷ್ಯರಿಗೇ ಇದು ಕಷ್ಟ.

ಉಪಾಯ ಹೇಳಿದ್ದು ನನ್ನ ತಮ್ಮ. ಮಗ್ಗದಲ್ಲಿ ಒಂದು ಎಳೆ ಹರಿದರೂ ಮಗ್ಗ ತಾನಾಗಿಯೇ ನಿಲ್ಲುವ ಹಾಗೆ ಮಾಡಿರುತ್ತಾರಂತೆ. "ಮಾಮಾ, ದೋಣಿಗೂ ಹಂಗ ಮಾಡೂಣು. ಎಂಜಿನ್ನಿನ ಸ್ವಿಚ್ಚಿಗೆ ಒಂದು ನೂಲು, ಆ ನೂಲಿನ ಇನ್ನೊಂದು ತುದಿ ನಿಮ್ಮ ಉಡಿದಾರಕ್ಕ. ನೀವು ಬಿದ್ರಿ, ನೂಲು ಹರೀತು, ಎಂಜಿನ್ ಬಂದ್."

ಯಜಮಾನರು ಅವನನ್ನು ತಬ್ಬಿಕೊಂಡರು. ಸೊಂಟದ ಉಡಿದಾರಕ್ಕೆ ನೂಲು ಕಟ್ಟಿ ಭಾನುವಾರ ಬೆಳಿಗ್ಗೆ ದೋಣಿ ಬಿಟ್ಟರು. ತಮ್ಮ ಜೊತೆಗಿದ್ದ, ನಾನು ದಂಡೆಯಲ್ಲಿದ್ದೆ.

ದಂಡೆಯ ಉದ್ದಕ್ಕೂ ಬಟ್ಟೆ ಒಗೆಯುವವರು, ಎತ್ತಿನ ಮೈ ತೊಳೆಯುವವರು. ಅವರಲ್ಲಿ ಅರ್ಧ ಜನ ಇವರ ಹಳೆಯ ವಿದ್ಯಾರ್ಥಿಗಳು, ಇಲ್ಲವೇ ವಿದ್ಯಾರ್ಥಿಗಳ ಅಪ್ಪಂದಿರು. ಮೊದಲನೆಯವನು, ಶರಣ್ರಿ ಸರ್, ಎಂದ. ನಮ್ಮವರಿಗೆ ಕೂತಲ್ಲೇ ಕೈ ಎತ್ತಿ ಗೊತ್ತಿಲ್ಲ. ಯಾರು ಶರಣು ಎಂದರೂ ಎದ್ದು ನಿಂತು, ಎರಡೂ ಕೈ ಜೋಡಿಸಿ, ಶರಣು ಶರಣಾರ್ಥಿ ಎನ್ನಬೇಕು. ಎದ್ದರು. ನೂಲು ಹರಿಯಿತು. ಎಂಜಿನ್ ನಿಂತಿತು. ತಮ್ಮ ನೂಲು ಗಂಟು ಹಾಕಿ, ಹಗ್ಗ ಜಗ್ಗಿ ಶುರು ಮಾಡಿದ. ಅಷ್ಟರಲ್ಲಿ ಎರಡನೆಯವನು ಶರಣು ಎಂದ.

ದೂರದಿಂದ ನೋಡುತ್ತಿದ್ದ ನನಗೆ ಏನೂ ತಿಳಿಯಲಿಲ್ಲ. ಭರ್ರೆನ್ನುತ್ತಿತ್ತು, ಸುಮ್ಮನಾಗುತ್ತಿತ್ತು, ಇವರು ಎದ್ದು ನಿಂತು ಕೈ ಮುಗಿಯುತ್ತಿದ್ದರು. ಎಂಜಿನ್ ಶುರುವಾಗಲೆಂದು ದೇವರಿಗೆ ಕೈ ಮುಗಿಯುತ್ತಿದ್ದಾರೆ ಎಂದೇ ತಿಳಿದೆ. ಆಚೆ ದಂಡೆ ಸೇರುವ ಹೊತ್ತಿಗೆ ಮಧ್ಯಾಹ್ನವಾಗಿತ್ತು, ತಮ್ಮನ ಭುಜವೂ ಹಿಡಿದುಕೊಂಡಿತ್ತು. ಆಮೇಲೆ ಉದ್ದನೆಯ, ಸಡಿಲಾದ ನೂಲು ಕಟ್ಟಿದರೆನ್ನಿ. ಆದರೆ ಆದ ಪರಿಣಾಮ ಆಗಿಹೋಗಿತ್ತು.

ವಾರದೊಳಗೆ ಆ ಕಡೆಯ ಹಿರಿಯರು ನಾಲ್ಕು ಜನ ಶಾಲು ಹಾರ ಹಿಡಿದು ಮನೆಗೆ ಬಂದರು. ಅವರ ಊರಿನ ಗುಡಿಯ ಕಟ್ಟಡ ಸಮಿತಿಗೆ ಇವರೇ ಅಧ್ಯಕ್ಷರಾಗಬೇಕಂತೆ. ನಮ್ಮ ಯಜಮಾನರೇ ಏಕೆ ಎಂದು ಕೇಳಿದೆ.

"ಏನ್ ಕೇಳ್ತೀರಿ ತಾಯಿ," ಎಂದರು ಅವರಲ್ಲಿ ಹಿರಿಯರು. "ಈಗಿನ ಮಂದಿ ಗಾಡಿ ಮ್ಯಾಲ ಹೋಗ್ತಾ ಹಾರ್ನ್ ಹೊಡದು ನಮಸ್ಕಾರ ಮಾಡ್ತಾರ. ಒಬ್ಬೊಬ್ಬರಿಗೂ ಮೋಟರ್ ಬಂದ್ ಮಾಡಿ ಎದ್ದ ನಿಂತು ಕೈ ಮುಗಿಯೂ ಮನಷ್ಯಾನ್ನ ನಾವು ಇವತ್ತಿನ ತನಕಾ ಕಂಡಿಲ್ಲ."

ಮನೆ

ಉಳಿದದ್ದು ಮುಖ್ಯವಾದದ್ದು: ಹಿಡಿಕೆ ಮುಟ್ಟದೆ ದೋಣಿ ನಡೆಯಬೇಕು. ಬೆಂಗಳೂರಿನಿಂದ ಪಾರ್ಸಲ್‌ಗಳು ಬಂದವು. ಅವುಗಳಲ್ಲಿ ಹಗ್ಗ ಜಗ್ಗದೆ ಎಂಜಿನ್ ಶುರು ಮಾಡುವ ಸ್ಟಾರ್ಟರೂ ಇತ್ತು. ಗುಜರಿಯಿಂದ ಹಳೆಯ ಬಸ್ಸಿನ ವೈಪರ್ ಮೋಟರ್ ಬಂತು. ಎಲ್ಲ ಹೇಗೆ ಕೆಲಸ ಮಾಡುತ್ತದೆ ಎಂದು ಇವರು ಹೇಳಿದ್ದನ್ನು ನಾನು ಹಾಗೆಯೇ ಬರೆದುಕೊಂಡಿದ್ದೇನೆ. ದೋಣಿ ಎಲ್ಲಿದೆ ಎಂಬುದನ್ನು ಆಕಾಶದ ಉಪಗ್ರಹ ಹೇಳುತ್ತದೆ. ದೋಣಿಯ ಮುಖ ಯಾವ ಕಡೆಗಿದೆ ಎಂಬುದನ್ನು ಮುಂಭಾಗದ ಪ್ಲಾಸ್ಟಿಕ್ ಡಬ್ಬಿಯಲ್ಲಿರುವ ದಿಕ್ಸೂಚಿ ಹೇಳುತ್ತದೆ. ಎರಡನ್ನೂ ಕೇಳಿಕೊಂಡು ವೈಪರ್ ಮೋಟರ್ ಎಂಜಿನ್ನಿನ ಹಿಡಿಕೆಯನ್ನು ತಿರುಗಿಸುತ್ತದೆ. ಬರೆದುಕೊಂಡೆ, ಅರ್ಥವಾಗಲಿಲ್ಲ. ಅರ್ಥವಾಗುವ ಒಂದೇ ಒಂದು ಭಾಗವಿತ್ತು. 'ಮನೆ' ಎಂಬ ಗುಂಡಿ. ಏನಾದರೂ ತೊಂದರೆಯಾದರೆ ಅದನ್ನು ಒತ್ತಿದರೆ ದೋಣಿ ತಾನಾಗಿ ಹೊರಟ ಜಾಗಕ್ಕೆ ಮರಳುತ್ತದೆ.

ಒಂದು ಸಂಜೆ ಎಲ್ಲರ ಮುಂದೆ ಪರೀಕ್ಷೆ ನಡೆಯಿತು. ಇವರೂ ತಮ್ಮನೂ ನಡು ನೀರಿಗೆ ಹೋಗಿ ಗುಂಡಿ ಒತ್ತಿದರು. ದೋಣಿ ತಿರುಗಿತು. ಆದರೆ ನಾವು ನಿಂತ ಕಡೆಗೆ ಬರಲಿಲ್ಲ. ನಮ್ಮದೇ ಕಡೆಯ, ದೂರದ ಒಂದು ಕಲ್ಲು ದಂಡೆಗೆ ಹೋಗಿ ಮೂತಿ ಒತ್ತಿಕೊಂಡು ನಿಂತಿತು. ನಿಂತಿತು ಎಂದರೆ ಎಂಜಿನ್ ನಿಂತಿಲ್ಲ, ದಂಡೆಯನ್ನು ದಬ್ಬುತ್ತಲೇ ಇದೆ. ಹುಟ್ಟುಗೋಲಿನಿಂದ ಹಿಂದಕ್ಕೆ ತಳ್ಳಿದರೆ ಮತ್ತೆ ಬಂದು ಅಲ್ಲೇ ದಬ್ಬುತ್ತದೆ. ಯಂತ್ರ ಕೆಟ್ಟಿದೆ ಎಂದು ತಮ್ಮ, ಕೆಟ್ಟಿಲ್ಲ ಎಂದು ಇವರು. ಕತ್ತಲಾಗುವವರೆಗೆ ಇದೇ ವಾದ.

ಆಮೇಲೆ ತಿಳಿದದ್ದು ಇಷ್ಟು. ಆ ಯಂತ್ರವನ್ನು ಇವರು ಮೊದಲು ಶುರು ಮಾಡಿದ್ದು ನಮ್ಮ ವಿದ್ಯಾಗಿರಿಯ ಮನೆಯ ಪಡಸಾಲೆಯಲ್ಲಿ. ಅದು ಅದನ್ನೇ ಮನೆ ಎಂದು ನೆನಪಿಟ್ಟುಕೊಂಡಿತ್ತು. ದಂಡೆ, ಹೊಲ, ರಸ್ತೆ ಎಲ್ಲವನ್ನೂ ದಾಟಿ ನೆಟ್ಟಗೆ ನಮ್ಮ ಪಡಸಾಲೆಗೆ ಬರಲು ದೋಣಿ ಹಟ ಹಿಡಿದಿತ್ತು.

ನಾನು ಮಾತ್ರ ದೋಣಿಯನ್ನು ಬೈಯಲಿಲ್ಲ. ಊಟದ ಹೊತ್ತಿಗೆ ಮನೆಯ ನೆನಪಾಗುವ ಬುದ್ಧಿ ನಮ್ಮ ಸಂಸಾರದಲ್ಲಿ ಮೊದಲು ಬಂದದ್ದು ಅದಕ್ಕೇ.

ಲಾಳ

ದೀಪಾವಳಿ ಬಂತು. ಮನೆಯ ಗುರುತು ಸರಿಪಡಿಸಿ, ತೋಟದ ಗುರುತು ಹಾಕಿ, ಇವರು ಯಂತ್ರವನ್ನು ಮೂರು ಸಲ ನಡೆಸಿ ನೋಡಿದ್ದರು. ಮೂರು ಸಲವೂ ಹಗ್ಗ ಹಿಡಿದ ಹಾಗೆ ನೆಟ್ಟಗೆ ತೋಟಕ್ಕೆ ಹೋಗಿತ್ತು. ಪಾಡ್ಯದ ಮರುದಿನ ಮಗಳು ಬಂದಳು. ಹಣ್ಣಿನ ವ್ಯಾಪಾರಿಯನ್ನೂ ಕರೆಸಿದ್ದಳು. ದೋಣಿ ಸರಿಯಾಗಿ ದಾಟಿದರೆ ಅವರು ತೋಟದ ಚಿಕ್ಕು ತಿಂದು ವಾಪಸು ಹೋಗುವುದು, ದಾಟದಿದ್ದರೆ ಅಲ್ಲೇ ಮಾತು ಮುಗಿಸುವುದು. ಇವರ ಅಕ್ಕನವರೂ ಹಬ್ಬಕ್ಕೆಂದು ಬಾದಾಮಿಯಿಂದ ಬಂದಿದ್ದರು. ಎಂಬತ್ತು ದಾಟಿದವರು, ಮಾತು ಕಡಿಮೆ, ಮಾಡುವುದು ಹೆಚ್ಚು.

ದೋಣಿಯಲ್ಲಿ ಇವರು, ಮಗಳು, ವ್ಯಾಪಾರಿ, ನಾನು. ಅಕ್ಕನವರು ದಂಡೆಯಲ್ಲಿ ಕುರ್ಚಿ ಹಾಕಿಸಿಕೊಂಡು ಕೂತರು. ಇವರು ಉಡಿದಾರಕ್ಕೆ ನೂಲು ಕಟ್ಟಿ, ಗುಂಡಿ ಒತ್ತಿ, ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡರು. ದೋಣಿ ಹೊರಟಿತು. ಸ್ವಲ್ಪ ದೂರ ನೆಟ್ಟಗೆ ಹೋಯಿತು. ಆಮೇಲೆ ಎಡಕ್ಕೆ ತಿರುಗಿತು. ತಿರುಗುತ್ತಲೇ ಹೋಯಿತು. ಅಕ್ಕನವರು ಮುಂದೆ ಕಂಡರು, ಹಿಂದೆ ಹೋದರು, ಮತ್ತೆ ಮುಂದೆ ಬಂದರು. ತೋಟವೂ ಹಾಗೆಯೇ ಬಂದು ಬಂದು ಹೋಯಿತು.

ವ್ಯಾಪಾರಿ ಮೊದಮೊದಲು, ನೋಟ ಚೆನ್ನಾಗಿದೆ ಎಂದರು. ಆಮೇಲೆ, ಇದು ಯಾವ ದಾರಿ ಎಂದು ಕೇಳಿದರು. ಆಮೇಲೆ ಕಣ್ಣು ಮುಚ್ಚಿದರು. ಅವರು ಬೆಳಗಿನ ಫರಾಳಕ್ಕೆ ಹೋಳಿಗೆ ತಿಂದು ಬಂದಿದ್ದರು ಎಂಬುದು ಕಣ್ಣು ತೆರೆದ ಮೇಲೆ ನಮಗೆಲ್ಲರಿಗೂ ಗೊತ್ತಾಯಿತು.

ಮಗಳು, "ಅಪ್ಪಾ, ಹಿಡಿಕಿ ಹಿಡೀರಿ" ಎಂದಳು.

"ಮುಟ್ಟಿದ್ರ ಸೋತಂಗ."

"ಸೋಲ್ರಿ ಅತ್ಲಾಗ."

"ತೋಟಾ ಹೋಗತೈತಿ."

ಇವರು ಹಲ್ಲು ಕಚ್ಚಿ, ಕೈಗಳನ್ನು ತೊಡೆಗೆ ಒತ್ತಿ ಹಿಡಿದು ಕೂತೇ ಇದ್ದರು. ಕಣ್ಣಲ್ಲಿ ನೀರಿತ್ತು. ಇವರ ಕಣ್ಣಲ್ಲಿ ನೀರು ನೋಡಿ ನನಗೆ ಅಭ್ಯಾಸವಿಲ್ಲ. ನನ್ನ ತಲೆಯೂ ಸುತ್ತುತ್ತಿತ್ತು, ಅದು ದೋಣಿಯಿಂದಲೋ ಸಂಕಟದಿಂದಲೋ ತಿಳಿಯಲಿಲ್ಲ. ಕೊನೆಗೆ ಮಗಳು ಎದ್ದು ಎಂಜಿನ್ ಬಂದ್ ಮಾಡಿದಳು. ಅವಳೂ ನಾನೂ ಹುಟ್ಟು ಹಾಕಿ ದಂಡೆಗೆ ತಂದೆವು.

ವ್ಯಾಪಾರಿ ನೆಲಕ್ಕೆ ಕಾಲಿಟ್ಟು, ಒಂದು ಕಲ್ಲಿನ ಮೇಲೆ ಬಹಳ ಹೊತ್ತು ಕೂತರು. ಮಗಳು ನೀರು ಕೊಟ್ಟು, ದರ ಮಾತಾಡೋಣವೇ ಎಂದು ಕೇಳಿದಳು.

"ತೋಟಾ ಛಲೋ ಐತವ್ವಾ. ನಾ ಇಲ್ಲ ಅನ್ನೂದಿಲ್ಲ" ಎಂದರು ಅವರು. "ಆದ್ರ ಅದು ಎಲ್ಲೈತಿ ಅಂತ ನಿಮ್ಮ ದೋಣಿಗೇ ಗೊತ್ತಿಲ್ಲ. ನಾ ಎಲ್ಲಿ ಹುಡುಕ್ಲಿ?"

ಹಿಂತಿರುಗಿ ನೋಡದೆ ಹೋದರು. ಇನ್ನು ಮುಂದೆ ನೀರು ದಾಟಿ ಹೋಗುವ ಯಾವ ತೋಟವನ್ನೂ ಕೊಳ್ಳುವುದಿಲ್ಲ ಎಂದು ಆಮೇಲೆ ಊರಲ್ಲೆಲ್ಲ ಹೇಳಿದರಂತೆ.

ಯಜಮಾನರು ದೋಣಿಯ ಮುಂದೆ ಮೊಣಕಾಲೂರಿ ಯಂತ್ರ ಬಿಚ್ಚತೊಡಗಿದರು. ದಿಕ್ಸೂಚಿಯ ಡಬ್ಬಿಯ ಕೆಳಗೆ ಕೈ ಹಾಕಿದರು. ಹೊರತೆಗೆದದ್ದು ಒಂದು ಕುದುರೆ ಲಾಳ. ಅದಕ್ಕೆ ಕಪ್ಪು ದಾರದಲ್ಲಿ ನಿಂಬೆಹಣ್ಣು, ಮೆಣಸಿನಕಾಯಿ. ಅಷ್ಟು ಹತ್ತಿರ ಅಷ್ಟು ಕಬ್ಬಿಣ ಇದ್ದರೆ ದಿಕ್ಸೂಚಿ ಉತ್ತರವನ್ನು ಎಲ್ಲಿ ಹುಡುಕಬೇಕು?

ಎಲ್ಲರೂ ಅಕ್ಕನವರ ಕಡೆ ತಿರುಗಿದೆವು. ಅವರು ಮುಚ್ಚಿಡಲಿಲ್ಲ. ಬಾದಾಮಿಯ ಮನೆಯ ಹೊಸ್ತಿಲಿನಿಂದ ಕಿತ್ತು ತಂದು, ಬೆಳಿಗ್ಗೆ ಎಲ್ಲರೂ ಸ್ನಾನಕ್ಕೆ ಹೋದಾಗ ಕೆಲಸದವಳನ್ನು ದೋಣಿಗೆ ಕಳಿಸಿ ಕಟ್ಟಿಸಿದ್ದಂತೆ. ದೋಣಿಗೆ ಹಣೆ ಎಂದರೆ ಅದೇ ಜಾಗವಲ್ಲವೇ ಎಂದರು.

ಇವರು ಲಾಳವನ್ನು ಬದಿಗಿಟ್ಟು ಮತ್ತೆ ಗುಂಡಿ ಒತ್ತಿದರು. ಈ ಸಲ ದೋಣಿಯಲ್ಲಿ ಇವರೊಬ್ಬರೇ. ದೋಣಿ ಒಂದು ಗೇಣೂ ಅತ್ತಿತ್ತ ಆಗದೆ ಆಚೆ ದಂಡೆಗೆ ಹೋಗಿ ನಿಂತಿತು. ಇವರು ಅಲ್ಲಿ ಇಳಿದು, ಎರಡೂ ಕೈ ಮೇಲೆತ್ತಿ ತೋರಿಸಿದರು. ಭುಜ ನೋಯುತ್ತದೆ ಎಂಬುದೂ ಮರೆತಿತ್ತು. ಮಗಳು ಮೂಗು ಒರೆಸಿಕೊಂಡು, ಆಯ್ತು ಇಟ್ಕೋರಿ ಅಂತ ಹೇಳವ್ವಾ, ಎಂದಳು.

ಮರಳಿ ಬಂದ ಮೇಲೆ ಇವರು ಅಕ್ಕನ ಮುಂದೆ ಕೂತು ವಿಜ್ಞಾನ ಹೇಳತೊಡಗಿದರು. ಭೂಮಿಯೇ ಒಂದು ಅಯಸ್ಕಾಂತ, ಕಬ್ಬಿಣ ಹತ್ತಿರವಿದ್ದರೆ ದಿಕ್ಸೂಚಿ ದಾರಿ ತಪ್ಪುತ್ತದೆ, ಲಾಳದಿಂದಲೇ ದೋಣಿ ಸುತ್ತಿದ್ದು, ದೋಣಿ ಸುತ್ತಿದ್ದರಿಂದಲೇ ವ್ಯಾಪಾರಿ ಓಡಿಹೋಗಿದ್ದು. ಅಕ್ಕನವರು ನಡುವೆ ಬಾಯಿ ಹಾಕದೆ ಪೂರ್ತಿ ಕೇಳಿದರು.

"ಅಲ್ಲೋ ತಮ್ಮಾ, ನಾ ಲಾಳಾ ಕಟ್ಟಿದ್ದು ಯಾಕ? ಆ ಮನಷ್ಯಾನ ಕಣ್ಣು ನಿನ್ನ ತೋಟದ ಮ್ಯಾಲಿಂದ ಹೋಗ್ಲಿ ಅಂತ. ಹೋತೋ ಇಲ್ಲೋ?"

"ಹೋತು."

"ಲಾಳದಿಂದ?"

"ಲಾಳದಿಂದ. ಆದ್ರ ಅಕ್ಕಾ..."

"ಮತ್ತ ಇಷ್ಟೊತ್ತು ನೀ ಹೇಳಿದ್ದರಾಗ ಹೊಸಾದು ಏನೈತಿ?"

ಮೂವತ್ತು ವರ್ಷ ಪಾಠ ಹೇಳಿದವರು ನನ್ನ ಮುಖ ನೋಡಿದರು. ನಾನು ಬಿ.ಎಸ್ಸಿ. ಫಸ್ಟ್ ಕ್ಲಾಸ್. ಮನೆಗೆ ಹೋದ ಮೇಲೆ ಡೈರಿ ತೆಗೆದು ಲೆಕ್ಕ ಕೂಡಿಸಲು ಕೂತೆ.

ಕೊನೆಗೆ ತಗುಲಿದ ಖರ್ಚು ಹೀಗಿದೆ. ಹಳೆಯ ದೋಣಿ ಮತ್ತು ಎಂಜಿನ್ ತೊಂಬತ್ತೆಂಟು ಸಾವಿರ. ತಾನೇ ನಡೆಯುವ ಯಂತ್ರದ ಸಾಮಾನು, ವೈಪರ್ ಮೋಟರ್ ಸೇರಿ, ಒಂಬತ್ತು ಸಾವಿರದ ಆರುನೂರು. ಕೆಂಪು ಸೆರಗಿನ ಸೀರೆ ಸಾವಿರದ ಎಂಟುನೂರ ಐವತ್ತು. ನನಗೆ ಹೊಸ ಈಳಿಗೆ ಇನ್ನೂರ ಇಪ್ಪತ್ತು. ಒಟ್ಟು ಒಂದು ಲಕ್ಷ ಒಂಬತ್ತು ಸಾವಿರದ ಆರುನೂರ ಎಪ್ಪತ್ತು ರೂಪಾಯಿ. ನಿಂಬೆಹಣ್ಣು, ಮೆಣಸಿನಕಾಯಿಯ ಹತ್ತು ರೂಪಾಯಿ ಇದರಲ್ಲಿ ಸೇರಿಲ್ಲ. ಅದನ್ನು ಅಕ್ಕನವರು ತಾವೇ ಕೊಟ್ಟರು. ಹತ್ತು ರೂಪಾಯಿಯಲ್ಲಿ ತೋಟ ಉಳಿಸಿದೆ ಎಂದು ಬಾದಾಮಿಯಲ್ಲಿ ಈಗಲೂ ಹೇಳುತ್ತಿದ್ದಾರೆ.